ಹೊಳೆದಂಡೆಯ ಸರ್ಕಾರಿ ಜಾಗ ಉಳಿಸಿಕೊಳ್ಳುವ ಬಗೆ

ಹರಿಹರ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ತುಂಗಭದ್ರೆಯ ದಡವಾಗಲಿ, ಹಿರಿಯೂರು, ಚಳ್ಳಕೆರೆ ಸೀಮೆಯ ವೇದಾವತಿಯ ದಡವಾಗಲಿ, ಒತ್ತುವರಿ ಕಂಡ ಕೂಡಲೇ ಮಾಡಬೇಕಾದ ಕೆಲಸ ದಾಖಲೆ ತೆಗೆಸುವುದು. ಜಾಗ ಸರ್ಕಾರದ್ದೆಂದು ಕಾಗದದಲ್ಲಿ ತೋರಿಸಲಾಗದ ದೂರು ಎಷ್ಟೇ ನ್ಯಾಯವಾಗಿದ್ದರೂ ಕಚೇರಿಯಲ್ಲಿ ನಿಲ್ಲುವುದಿಲ್ಲ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಕಲಂ ಪ್ರಕಾರ ಖಾಸಗಿ ಸ್ವತ್ತಲ್ಲದ ನದಿ, ಹಳ್ಳ, ಕೆರೆಗಳ ಪಾತ್ರವೆಲ್ಲ ರಾಜ್ಯ ಸರ್ಕಾರಕ್ಕೆ ಸೇರಿದೆ. ಪಾತ್ರ ಎಲ್ಲಿ ಮುಗಿದು ಹಿಡುವಳಿ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೇ ತಕರಾರೆಲ್ಲ ಇರುವುದರಿಂದ, ಗ್ರಾಮ ನಕ್ಷೆಯನ್ನೂ ದಡಕ್ಕೆ ತಾಗಿದ ಸರ್ವೆ ನಂಬರುಗಳ ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯಗಳ ಪಟ್ಟಿ) ಮತ್ತು ಪಹಣಿಗಳನ್ನೂ ತೆಗೆದುಕೊಳ್ಳಿ. ಪಹಣಿಯ ವಿಸ್ತೀರ್ಣದ ಕಾಲಮಿನಲ್ಲಿ 'ಬಿ' ಕರಾಬು ಎಂದಿದ್ದರೆ ಅದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. 'ಎ' ಕರಾಬು ಎಂದರೆ ಸಾಗುವಳಿಗೆ ಬಾರದ ಜಾಗವೆಂದಷ್ಟೇ ಅರ್ಥ. ಇವೆರಡನ್ನೂ ಒಂದೆಂದು ಭಾವಿಸಿ ಬರೆದ ದೂರು ಬಿದ್ದುಹೋಗುತ್ತದೆ. ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರು ನೋಡಬಹುದಾದರೂ ಗಡಿಗೆ ಅದನ್ನು ಪುರಾವೆಯೆಂದು ನೆಚ್ಚಬಾರದು, ಅಳತೆಯನ್ನು ಸರ್ವೆಯರೇ ಮಾಡಬೇಕು. ವರ್ಷದ ಬಹುಕಾಲ ಒಣಗಿ, ಬಳ್ಳಾರಿ ಜಾಲಿ ಬೆಳೆದು ನಿಂತ ವೇದಾವತಿಯ ಪಾತ್ರವನ್ನು ಬೀಳು ಜಮೀನೆಂದು ಎಣಿಸುವ ರೂಢಿಯಿದೆ. ನೀರು ಹರಿಯದಿದ್ದರೂ ಕಾನೂನಿನ ಕಣ್ಣಿಗೆ ಅದು ಪಾತ್ರವೇ.

ದಾಖಲೆ ಕೈಸೇರಿದ ಮೇಲೆ ಅಳತೆ ಮಾಡಿ ಒತ್ತುವರಿ ತೆರವು ಮಾಡುವಂತೆ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸ್ ಕೊಟ್ಟು ತೆರವು ಮಾಡಿಸುವ ಅಧಿಕಾರ ಅದೇ ಅಧಿನಿಯಮದ 104ನೇ ಕಲಮಿನಲ್ಲಿದೆ, ಸರ್ಕಾರಿ ಜಮೀನಿನ ಅಕ್ರಮ ಸ್ವಾಧೀನ 192-ಎ ಕಲಂ ಪ್ರಕಾರ ಅಪರಾಧವೂ ಹೌದು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಕ್ರಮದ ವಿವರ ಕೇಳಿ. 30 ದಿನದೊಳಗೆ ಉತ್ತರಿಸಲೇಬೇಕು. ಹರಿಹರದ ಬಳಿ ಆಚೆ ದಡ ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನದಾದ್ದರಿಂದ ಅಲ್ಲಿಯ ಒತ್ತುವರಿಯ ದೂರು ಅಲ್ಲಿಗೇ ಹೋಗಬೇಕು.

ಮರಳಿನ ವಿಷಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದ್ದು. ಕೇಂದ್ರದ ಮರಳು ಗಣಿಗಾರಿಕೆ ಮಾರ್ಗಸೂಚಿಯಂತೆ ದಡದಿಂದ ನದಿಯ ಅಗಲದ ಕಾಲು ಭಾಗ, ಕನಿಷ್ಠ 7.5 ಮೀಟರ್, ಬಿಟ್ಟೇ ಮರಳು ತೆಗೆಯಬೇಕು. ಆಳ 3 ಮೀಟರ್ ದಾಟಬಾರದು. ದಡದ ಬುಡಕ್ಕೇ ಬಗೆದರೆ ಮುಂದಿನ ನೆರೆಗೆ ಕುಸಿಯುವುದು ಪಕ್ಕದ ಬಡ ರೈತನ ಹೊಲ, ಹೀಗಾಗಿ ಅವನ ಸಹಿಯೂ ದೂರಿನಲ್ಲಿರಲಿ. ಕೊಳಚೆ ಬಿಡುತ್ತಿದ್ದರೆ 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

ತೆರವಾದ ಜಾಗವನ್ನು ಖಾಲಿ ಬಿಟ್ಟರೆ ಮತ್ತೆ ಬೇಲಿ ಬೀಳುತ್ತದೆ. ಗಡಿಕಲ್ಲು ನೆಡಿಸಿ, ಹೊಳೆಮತ್ತಿ, ಹೊಂಗೆ, ನೇರಳೆ, ಬಿದಿರು ಬೆಳೆಸುವ ಕೆಲಸವನ್ನು ಗ್ರಾಮಸಭೆಯ ಮೂಲಕ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿ.

ಎಲ್ಲೂ ಪರಿಹಾರ ಸಿಗದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಅರ್ಜಿ ಹಾಕಬಹುದು. ಬಿಯಾಸ್ ನದಿಯ ದಡಕ್ಕೆ ಸಂಬಂಧಿಸಿದ ಕಮಲ್ ನಾಥ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಸರ್ಕಾರವು ನದಿಗಳಿಗೆ ಜನರ ಪರವಾದ ವಿಶ್ವಸ್ಥ (ಕಾಯುವ ಹೊಣೆ ಹೊತ್ತ ಟ್ರಸ್ಟಿ) ಮಾತ್ರ ಎಂದು ಹೇಳಿದ್ದನ್ನು ಅರ್ಜಿಯಲ್ಲಿ ಉಲ್ಲೇಖಿಸಿ. ಪರಿಸರ ವ್ಯಾಜ್ಯ ಹುಟ್ಟಿದ ಆರು ತಿಂಗಳೊಳಗೆ ಈ ಅರ್ಜಿ ಸಲ್ಲಬೇಕು, ತಕ್ಕ ಕಾರಣವಿದ್ದರೆ 60 ದಿನಗಳ ವಿನಾಯಿತಿಯಿದೆ. ಆದ್ದರಿಂದ ಒತ್ತುವರಿ ಮೊದಲು ಕಂಡ ದಿನದ ಫೋಟೊ ಮತ್ತು ತಾರೀಖನ್ನು ಜೋಪಾನವಾಗಿಡಿ.