ಇಂಗ್ಲಿಷ್ ಶಬ್ದಭಂಡಾರವನ್ನು ಬೆಳೆಸಿಕೊಳ್ಳುವ ಬಗೆ

ಕನ್ನಡದ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಪದಗಳು ಬೇಕಾಗುತ್ತವೆ. ಪ್ರಶ್ನೆ ಕೇಳಿದರೆ ‘ಆಸ್ಕ್’, ದೂರದಲ್ಲೆಲ್ಲೋ ಗುಡುಗಿದ್ದು ಕಿವಿಗೆ ಬಿದ್ದರೆ ‘ಹಿಯರ್’, ಹಾಡನ್ನು ಮನಸ್ಸಿಟ್ಟು ಕೇಳಿದರೆ ‘ಲಿಸನ್’. ಏನನ್ನು ಕೇಳುತ್ತಿದ್ದೇವೆ ಎಂದು ಹೇಳುವಾಗ ‘ಲಿಸನ್’ ಪದದ ಬೆನ್ನಿಗೇ ‘ಟು’ ಕೂಡ ಬರಬೇಕು. ‘ಲಿಸನ್ ಎಂದರೆ ಕೇಳು’ ಎಂದಷ್ಟೇ ಬರೆದುಕೊಂಡು ಉರು ಹೊಡೆದವರು ‘ಐ ಲಿಸನ್ ಮ್ಯೂಸಿಕ್’ ಎಂದುಬಿಡುತ್ತಾರೆ. ಅರ್ಥ ಗೊತ್ತಿದ್ದೂ ಪದ ಗೊತ್ತಿರುವುದಿಲ್ಲ. ಆದ್ದರಿಂದ ಇಂಗ್ಲಿಷ್ ಪದಗಳನ್ನು ಕಲಿಯಲು ಹೊರಟವರು ಒಂದೊಂದು ಪದವನ್ನೂ ಅದು ಬಳಕೆಯಾಗುವ ವಾಕ್ಯದ ಸಮೇತ ಕಲಿಯಬೇಕು ಎಂಬುದೇ ಇಲ್ಲಿ ಹೇಳಹೊರಟಿರುವ ಮುಖ್ಯ ಮಾತು.

ಮೊದಲಿಗೆ ಯಾವ ಪದಗಳನ್ನು ಕಲಿಯಬೇಕೆಂಬ ಪ್ರಶ್ನೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಗೆ 20 ಸಂಪುಟಗಳಿವೆ. ಅಷ್ಟನ್ನೂ ಅರಿತವರು ಇಂಗ್ಲಿಷರಲ್ಲೂ ಇಲ್ಲ. ಆದರೆ ದಿನಬಳಕೆಯ ಭಾಷೆ ಕೆಲವೇ ಸಾವಿರ ಪದಗಳ ಮೇಲೆ ನಿಂತಿದೆ. ಇಂಗ್ಲಿಷ್ ಬೋಧನೆಯ ತಜ್ಞ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2,000 ಅತ್ಯುಪಯುಕ್ತ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. 2013ರಲ್ಲಿ ಬಂದ ಅದರ ಹೊಸ ರೂಪದಲ್ಲಿರುವ ಸುಮಾರು 2,800 ಪದಗಳು ಸಾಮಾನ್ಯ ಇಂಗ್ಲಿಷ್ ಬರಹದ ಶೇ 90ಕ್ಕೂ ಹೆಚ್ಚು ಭಾಗವನ್ನು ಆವರಿಸುತ್ತವೆ. ಉಳಿದ ಭಾಗ ಅಲ್ಪವೆಂದು ತೋರಿದರೂ, ನೂರಕ್ಕೆ ಎಂಟು ಪದ ಗೊತ್ತಿಲ್ಲದಿದ್ದರೆ ಹೆಚ್ಚುಕಡಿಮೆ ಪ್ರತಿಯೊಂದು ಸಾಲಿನಲ್ಲೂ ಒಮ್ಮೆ ಮುಗ್ಗರಿಸಬೇಕಾಗುತ್ತದೆ. ಕಾದಂಬರಿಯನ್ನೋ ಪತ್ರಿಕೆಯನ್ನೋ ನೂರಕ್ಕೆ 98 ಪದಗಳು ತಿಳಿದಿರುವಷ್ಟು ಸಲೀಸಾಗಿ ಓದಲು 8,000ದಿಂದ 9,000 ಪದಕುಟುಂಬಗಳು ಬೇಕೆಂದು ಪದಕಲಿಕೆಯ ಸಂಶೋಧಕ ಪಾಲ್ ನೇಶನ್ 2006ರಲ್ಲಿ ಅಂದಾಜು ಮಾಡಿದ್ದಾರೆ. ಪದಕುಟುಂಬವೆಂದರೆ ‘ಡಿಸೈಡ್’, ‘ಡಿಸಿಷನ್’, ‘ಡಿಸೈಸಿವ್’ ಮುಂತಾಗಿ ಒಂದೇ ಬುಡದಿಂದ ಬಂದ ಪದಗಳ ಗುಂಪು. ಹೀಗಾಗಿ ಮೊದಲ ಮೂರು ಸಾವಿರವನ್ನು ಪಟ್ಟಿ ಹಿಡಿದು ಕಲಿಯುವುದು ಲಾಭದಾಯಕ. ಅಲ್ಲಿಂದಾಚೆಗೆ ಓದು ಮತ್ತು ಅವರವರ ವೃತ್ತಿಯೇ ಪದಗಳನ್ನು ಆರಿಸಿಕೊಡಬೇಕು. ಉನ್ನತ ವ್ಯಾಸಂಗಕ್ಕೆ ಹೋಗುವವರಿಗೆ ಮಾತ್ರ ಭಾಷಾ ಸಂಶೋಧಕಿ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಸಿದ್ಧಪಡಿಸಿದ 570 ಪದಕುಟುಂಬಗಳ ಶೈಕ್ಷಣಿಕ ಪಟ್ಟಿ ಪ್ರತ್ಯೇಕವಾಗಿ ನೆರವಾಗುತ್ತದೆ. ನಾನು ಒಂದು ಕಾಲದಲ್ಲಿ ನಿಘಂಟನ್ನೇ ‘ಎ’ ಅಕ್ಷರದಿಂದ ಓದತೊಡಗಿದ್ದೆ. ‘ಅಬೇಟ್’, ‘ಆಬ್ಡಿಕೇಟ್’ ಎಂಬ ಪದಗಳು ಬಾಯಿಗೆ ಬಂದವು, ಆದರೆ ಅವನ್ನು ಆಡುವ ಪ್ರಸಂಗ ಬರಲೇ ಇಲ್ಲ.

ಪದವನ್ನು ಬರೆದಿಟ್ಟುಕೊಳ್ಳುವ ಕ್ರಮಕ್ಕೆ ಹೆಚ್ಚು ಗಮನ ಕೊಡಬೇಕು. ಇಂಗ್ಲಿಷ್–ಕನ್ನಡ ನಿಘಂಟಿನ ಜೊತೆಗೆ, ಕಲಿಯುವವರಿಗಾಗಿಯೇ ರಚಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ಇಟ್ಟುಕೊಳ್ಳುವುದು ಉತ್ತಮ. 1978ರಲ್ಲಿ ಹೊರಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಸುಲಭ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ವಿವರಿಸುವ ಪದ್ಧತಿಯನ್ನು ಅನುಸರಿಸಿತು. ಇಂದು ಇಂಥ ಹಲವು ನಿಘಂಟುಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ, ಉಚ್ಚಾರಣೆಯನ್ನೂ ಕೇಳಿಸುತ್ತವೆ. ಅದರಲ್ಲಿರುವ ಉದಾಹರಣೆ ವಾಕ್ಯವನ್ನು ಓದಿ, ಪದದ ಅಕ್ಕಪಕ್ಕ ಯಾರಿದ್ದಾರೆಂದು ನೋಡಬೇಕು. ನಾವು ತಪ್ಪನ್ನೂ ‘ಮಾಡುತ್ತೇವೆ’, ಮನೆಗೆಲಸವನ್ನೂ ‘ಮಾಡುತ್ತೇವೆ’. ಇಂಗ್ಲಿಷಿನಲ್ಲಿ ‘ಮಿಸ್ಟೇಕ್’ ಜೊತೆಗೆ ‘ಮೇಕ್’ ಬಂದರೆ ‘ಹೋಮ್‌ವರ್ಕ್’ ಜೊತೆಗೆ ‘ಡೂ’ ಬರುತ್ತದೆ. ಜೋರು ಮಳೆಗೆ ‘ಹೆವಿ ರೇನ್’, ಜೋರು ಗಾಳಿಗೆ ‘ಸ್ಟ್ರಾಂಗ್ ವಿಂಡ್’. ಇದಕ್ಕೆ ಕಾರಣ ಹುಡುಕುತ್ತಾ ಕೂರುವುದು ವ್ಯರ್ಥ. ಜೋಡಿಯನ್ನೇ ಒಂದು ಪದವೆಂದು ಭಾವಿಸಿ ಬರೆದುಕೊಳ್ಳುವುದು ಜಾಣತನ. ಅನಂತರ ಅದೇ ಜೋಡಿಯನ್ನಿಟ್ಟು ತಮ್ಮ ಬದುಕಿಗೆ ಸಂಬಂಧಿಸಿದ ಒಂದು ವಾಕ್ಯವನ್ನು ಕಟ್ಟಬೇಕು.

ಪಠ್ಯಪುಸ್ತಕಗಳು ಹಾಕಿಕೊಟ್ಟ ಒಂದು ರೂಢಿಯನ್ನು ನಾನು ಒಪ್ಪುವುದಿಲ್ಲ. ವಿರುದ್ಧಪದಗಳನ್ನೂ ಒಂದೇ ಬಗೆಯ ಪದಗಳನ್ನೂ ಅವು ಒಟ್ಟಿಗೆ ಕಲಿಸುತ್ತವೆ. ‘ಬಾರೋ’ ಮತ್ತು ‘ಲೆಂಡ್’ ಪದಗಳನ್ನು ಒಂದೇ ದಿನ ಕಲಿತವರಿಗೆ, ಸಾಲ ಪಡೆಯುವುದು ಯಾವುದು, ಕೊಡುವುದು ಯಾವುದು ಎಂಬ ಗೊಂದಲ ವರ್ಷಗಟ್ಟಲೆ ಉಳಿಯುತ್ತದೆ. ಒಂದು ಪದ ಗಟ್ಟಿಯಾಗಿ ನೆಲೆನಿಂತ ಮೇಲೆ ಇನ್ನೊಂದನ್ನು ಕೈಗೆತ್ತಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಮರೆವು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡ ಸಂಗತಿ. ಆದುದರಿಂದ ಒಂದೇ ಸಂಜೆ ಹತ್ತು ಸಲ ಓದುವುದಕ್ಕಿಂತ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ನೋಡುವುದು ಮೇಲು. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪರಿಚಯಿಸಿದ ಪೆಟ್ಟಿಗೆಯ ವಿಧಾನ ಇದಕ್ಕೆ ಅನುಕೂಲಕರವಾಗಿದೆ. ಪೋಸ್ಟ್ ಕಾರ್ಡಿನ ಅರ್ಧದಷ್ಟು ರಟ್ಟಿನ ಚೀಟಿಯ ಒಂದು ಮಗ್ಗುಲಲ್ಲಿ ಕನ್ನಡ ವಾಕ್ಯವನ್ನೂ ಇನ್ನೊಂದರಲ್ಲಿ ಇಂಗ್ಲಿಷ್ ವಾಕ್ಯವನ್ನೂ ಬರೆದು, ಐದು ಖಾನೆಗಳ ಪೆಟ್ಟಿಗೆಯ ಮೊದಲ ಖಾನೆಯಲ್ಲಿಡಬೇಕು. ಕನ್ನಡವನ್ನು ನೋಡಿ ಇಂಗ್ಲಿಷನ್ನು ಬಾಯಿಬಿಟ್ಟು ಹೇಳಿ, ಸರಿಯಾದರೆ ಚೀಟಿಯನ್ನು ಮುಂದಿನ ಖಾನೆಗೆ ದಾಟಿಸಬೇಕು; ತಪ್ಪಿದರೆ ಅದು ಯಾವ ಖಾನೆಯಲ್ಲಿದ್ದರೂ ಮೊದಲನೆಯದಕ್ಕೇ ಮರಳಬೇಕು. ಮೊದಲ ಖಾನೆಯನ್ನು ದಿನವೂ ತೆರೆಯಬೇಕು, ಕೊನೆಯದನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು. ‘ಆಂಕಿ’ ಎಂಬ ಆ್ಯಪ್ ಈ ಲೆಕ್ಕವನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ, ಆದರೆ ಬೇರೆಯವರು ಮಾಡಿಟ್ಟ ಸಿದ್ಧ ಚೀಟಿಗಳನ್ನು ಇಳಿಸಿಕೊಳ್ಳುವುದಕ್ಕಿಂತ ತಮ್ಮ ವಾಕ್ಯಗಳನ್ನು ತಾವೇ ತುಂಬಿಕೊಂಡರೆ ಅರ್ಧ ಕಲಿಕೆ ಅಲ್ಲಿಯೇ ಆಗಿರುತ್ತದೆ. ಉತ್ತರವನ್ನು ನೋಡುವ ಮೊದಲು ನೆನಪಿಸಿಕೊಳ್ಳಲು ತಿಣುಕುವ ಆ ಐದಾರು ಸೆಕೆಂಡುಗಳೇ ಇಲ್ಲಿ ಕೆಲಸ ಮಾಡುವುದು; ಚೀಟಿಯನ್ನು ಸುಮ್ಮನೆ ತಿರುಗಿಸಿ ‘ಹೌದು, ಗೊತ್ತಿತ್ತು’ ಎಂದುಕೊಂಡರೆ ಪೆಟ್ಟಿಗೆಯಿಂದ ಏನೂ ಪ್ರಯೋಜನವಿಲ್ಲ.

ಲ್ಯಾಟಿನ್ ಮೂಲದ ತುಣುಕುಗಳ ಪರಿಚಯವೂ ಅಲ್ಪಸ್ವಲ್ಪ ಸಹಾಯ ಮಾಡುತ್ತದೆ: ‘ಪೋರ್ಟ್’ ಎಂದರೆ ಹೊರುವುದೆಂದು ತಿಳಿದರೆ ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’, ‘ಟ್ರಾನ್ಸ್‌ಪೋರ್ಟ್’ ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಎಲ್ಲ ಪದಕ್ಕೂ ಈ ಉಪಾಯ ಹೊಂದುವುದಿಲ್ಲ. ‘ಅಂಡರ್’ ಮತ್ತು ‘ಸ್ಟ್ಯಾಂಡ್’ ಸೇರಿಸಿದರೆ ಅರ್ಥವಾಗುವುದೆಂಬ ಅರ್ಥ ಹೊರಡುವುದಿಲ್ಲ.

ಕನ್ನಡಿಗರು ಬರಿಗೈಯಿಂದ ಆರಂಭಿಸುತ್ತಿಲ್ಲ, ನೂರಾರು ಇಂಗ್ಲಿಷ್ ಪದಗಳು ನಮ್ಮ ಮಾತಿನಲ್ಲಿ ಈಗಾಗಲೇ ಇವೆ. ಆದರೆ ಅವುಗಳಲ್ಲಿ ಕೆಲವು ಇಲ್ಲಿಗೆ ಬಂದು ಅರ್ಥ ಬದಲಿಸಿಕೊಂಡಿವೆ. ನಾವು ಕೇಳುವ ‘ಡೌಟ್’ ಬೇರೆಡೆ ‘ಕ್ವೆಶ್ಚನ್’ ಆಗುತ್ತದೆ. ಪದವಿ ಮುಗಿಸಿದ್ದಕ್ಕೆ ‘ಪಾಸ್ ಔಟ್’ ಎಂದರೆ ವಿದೇಶದ ಕೇಳುಗರು ಪ್ರಜ್ಞೆ ತಪ್ಪಿತೆಂದು ಭಾವಿಸಿಯಾರು. ಉಚ್ಚಾರಣೆಯಲ್ಲೂ ಎಚ್ಚರ ಬೇಕು. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯೂ’ ಎರಡೂ ನಮ್ಮ ‘ವ’ಕಾರದಲ್ಲಿ ಕರಗಿಹೋಗುತ್ತವೆ, ಸ್ವರದ ಒತ್ತು ಎಲ್ಲಿದೆ ಎಂಬುದಂತೂ ಕಾಣಿಸುವುದೇ ಇಲ್ಲ. ‘ಫೋಟೋಗ್ರಾಫ್’ ಪದದ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ‘ಫೋಟಾಗ್ರಫಿ’ಯಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ಹೊಸ ಪದವನ್ನು ಬರೆಯುವ ಮೊದಲು ಎರಡು ಸಲ ಕೇಳಿಸಿಕೊಂಡು, ಒತ್ತಿನ ಭಾಗದ ಕೆಳಗೆ ಗೆರೆ ಎಳೆದರೆ ಸಾಕು.

ದಿನಕ್ಕೆ ಎಷ್ಟು ಪದ? ವಾರದಲ್ಲಿ ಐದು ದಿನ, ದಿನಕ್ಕೆ ಆರರಂತೆ ಕಲಿತರೂ ವರ್ಷಕ್ಕೆ 1,500 ದಾಟುತ್ತದೆ, ಮೊದಲ ಮೂರು ಸಾವಿರ ಎರಡು ವರ್ಷದಲ್ಲಿ ಮುಗಿಯುತ್ತದೆ. ಉಳಿದ ಎರಡು ದಿನ ಹೊಸ ಪದವನ್ನು ಮುಟ್ಟದೆ, ತಮ್ಮ ಮಟ್ಟಕ್ಕಿಂತ ತುಸುವೇ ಮೇಲಿನ ಏನನ್ನಾದರೂ ಓದಬೇಕು. ಕಲಿತ ಪದ ಅಪರಿಚಿತ ವಾಕ್ಯವೊಂದರಲ್ಲಿ ಎದುರಾದಾಗ ಆ ವಾಕ್ಯವನ್ನೂ ಅದರ ಚೀಟಿಗೆ ಸೇರಿಸಬೇಕು. ಐದಾರು ಸಲ ಮೊದಲ ಖಾನೆಗೇ ಮರಳಿದ ಚೀಟಿಯಿದ್ದರೆ ಅದನ್ನು ಹರಿದು ಹಾಕಿ, ಅದೇ ಪದಕ್ಕೆ ಬೇರೆ ವಾಕ್ಯವಿಟ್ಟು ಹೊಸ ಚೀಟಿ ಬರೆಯಿರಿ. ಬಹುತೇಕ ಸಂದರ್ಭಗಳಲ್ಲಿ ತೊಡಕಿರುವುದು ಹಳೆಯ ವಾಕ್ಯದಲ್ಲಿ.