ಡೇಕೇರ್ ಕೋಣೆಯಲ್ಲಿ ಕಲಿತದ್ದಕ್ಕೆ ಕಾಲೇಜಿನ ಕ್ರೆಡಿಟ್: ನನ್ನ ಪೋರ್ಟ್‌ಫೋಲಿಯೊ ಅನುಭವ

ಅಮೆರಿಕದ ಡೇಕೇರ್‌ಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು, ಅವರಲ್ಲಿ ಪದವಿ ಇಲ್ಲದವರು ಅನೇಕರು. ಕೂಸುಗಳ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದು, ಅಳುವಿನ ದನಿ ಕೇಳಿಯೇ ಹಸಿವೆಯೋ ನಿದ್ದೆಯೋ ಎಂದು ಹೇಳಬಲ್ಲವರು ಕಾಲೇಜಿಗೆ ಸೇರಿದರೆ, ‘ಶಿಶು ಬೆಳವಣಿಗೆ’ಯ ಮೊದಲ ಪಾಠದಿಂದಲೇ ಶುರುಮಾಡಬೇಕಾಗುತ್ತದೆ. ಹಾಗೆ ಮಾಡದೆ, ಕೆಲಸದಲ್ಲಿ ಕಲಿತದ್ದನ್ನು ಬರೆದು, ಸಾಕ್ಷ್ಯದೊಂದಿಗೆ ಮುಂದಿಟ್ಟು, ಅದಕ್ಕೆ ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಅಂಶ, ಪಡೆಯುವ ದಾರಿಯೊಂದಿದೆ. ಹೀಗೆ ಬರಹ, ಸಾಕ್ಷ್ಯ ಸೇರಿಸಿ ಕಟ್ಟಿದ ಕಡತವೇ ಪೋರ್ಟ್‌ಫೋಲಿಯೊ. ಮೂರು ಕೋರ್ಸ್‌ಗಳಿಗೆ ನಾನು ಆ ದಾರಿ ಹಿಡಿದೆ. ಮದುವೆಯಾಗಿ ಈ ದೇಶಕ್ಕೆ ಬಂದು, ಡೇಕೇರ್ ಕೆಲಸಕ್ಕೆ ಸೇರಿ, ನಡುವಯಸ್ಸಿನಲ್ಲಿ ಓದು ಮುಂದುವರಿಸಲು ಹೊರಟಿರುವ ಕನ್ನಡದ ಹೆಣ್ಣುಮಕ್ಕಳು ನನ್ನ ಬಳಿ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಒಂದು ಕೋರ್ಸ್‌ಗೆ ಹೆಚ್ಚಾಗಿ 3 ಕ್ರೆಡಿಟ್. ತರಗತಿಯಲ್ಲಿ ಕೂರದೆ ಕ್ರೆಡಿಟ್ ಗಳಿಸಲು ಹಲವು ಬಗೆಗಳಿವೆ. ಕೋರ್ಸ್ ಓದದೆ ನೇರವಾಗಿ ಬರೆದು ಕ್ರೆಡಿಟ್ ಪಡೆಯಬಹುದಾದ, 1967ರಿಂದ ನಡೆದುಬಂದಿರುವ ಕ್ಲೆಪ್ ಎಂಬ ಪರೀಕ್ಷೆಗಳಿವೆ. ಸೇನೆಯ ತರಬೇತಿಯನ್ನೂ ಕಂಪನಿಗಳ ತರಬೇತಿಯನ್ನೂ ಪರಿಶೀಲಿಸಿ ಇಷ್ಟು ಕ್ರೆಡಿಟ್ ಕೊಡಬಹುದೆಂದು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಶಿಫಾರಸು ಮಾಡುತ್ತದೆ. ಕೆಲವು ವಿಭಾಗಗಳು ತಮ್ಮದೇ ಪರೀಕ್ಷೆ ಇಡುತ್ತವೆ. ಪರೀಕ್ಷೆಯಿಂದ ಅಳೆಯಲಾಗದ ಕಲಿಕೆ ನಿಮ್ಮದಾಗಿದ್ದರೆ ಮಾತ್ರ ಪೋರ್ಟ್‌ಫೋಲಿಯೊ ಕಡೆ ತಿರುಗಿ. ಇದು ಶ್ರಮದ ದಾರಿ. ಪರೀಕ್ಷೆ ಬರೆದು ಮುಗಿಸಬಹುದಾದ ವಿಷಯಕ್ಕೆ ಪೋರ್ಟ್‌ಫೋಲಿಯೊ ಮಾಡಲು ಹೋಗಬೇಡಿ.

ಈ ಪದ್ಧತಿಗೆ ಒಂದು ಕಟ್ಟುನಿಟ್ಟಾದ ಸೂತ್ರವಿದೆ. 1974ರಲ್ಲಿ ಒಂದು ಯೋಜನೆಯಾಗಿ ಆರಂಭವಾಗಿ ಇಂದು ಕೌನ್ಸಿಲ್ ಫಾರ್ ಅಡಲ್ಟ್ ಅಂಡ್ ಎಕ್ಸ್‌ಪೀರಿಯೆನ್ಶಿಯಲ್ ಲರ್ನಿಂಗ್ ಎಂಬ ಹೆಸರಿನಲ್ಲಿರುವ ಸಂಸ್ಥೆ ರೂಪಿಸಿದ ಮಾನದಂಡಗಳನ್ನು ಅನೇಕ ಕಾಲೇಜುಗಳು ಪಾಲಿಸುತ್ತವೆ. ಅವುಗಳ ಪ್ರಕಾರ ಕ್ರೆಡಿಟ್ ಕೊಡಬೇಕಾದದ್ದು ಕಲಿಕೆಗೆ, ಬರೀ ಅನುಭವಕ್ಕಲ್ಲ. ನೀವು ಎಷ್ಟು ವರ್ಷ ದುಡಿದಿರಿ ಎಂಬುದಕ್ಕೆ ಒಂದು ಕ್ರೆಡಿಟ್ ಕೂಡ ಇಲ್ಲ. ಆ ವರ್ಷಗಳಲ್ಲಿ ಏನು ತಿಳಿದುಕೊಂಡಿರಿ, ಅದು ಕಾಲೇಜು ಮಟ್ಟದ್ದೇ, ಬೇರೆ ಸನ್ನಿವೇಶಕ್ಕೂ ಅನ್ವಯಿಸಬಲ್ಲಿರಾ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಮೊದಲು ಕೇಳಿದಾಗ ಇದು ಕಠೋರ ಅನ್ನಿಸುತ್ತದೆ. ಬರೆಯುತ್ತಾ ಹೋದಂತೆ, ನಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ ಎಂದು ನನಗೆ ಮನವರಿಕೆಯಾಯಿತು. ಮಕ್ಕಳನ್ನು ನೋಡಿಕೊಳ್ಳುವುದು ಯಾರು ಬೇಕಾದರೂ ಮಾಡುವ ಕೆಲಸ ಎನ್ನುವವರೇ ಎಲ್ಲ ಕಡೆ ಇದ್ದಾರೆ. ಅದರೊಳಗೆ ಜ್ಞಾನವಿದೆ, ಅದನ್ನು ತೆಗೆದು ತೋರಿಸು ಎಂದು ಒಂದು ವ್ಯವಸ್ಥೆ ನಮ್ಮನ್ನು ಕೇಳುವುದು ಸಣ್ಣ ಮಾತಲ್ಲ.

ಮೊದಲ ಕೆಲಸ ಕೋರ್ಸ್‌ಗಳ ಆಯ್ಕೆ. ಕಾಲೇಜಿನ ಕೋರ್ಸ್ ಪಟ್ಟಿಯಲ್ಲಿ ನನ್ನ ಕೆಲಸಕ್ಕೆ ಹತ್ತಿರವಿದ್ದವನ್ನು ಗುರುತು ಹಾಕಿಕೊಂಡು, ಪ್ರತಿಯೊಂದರ ಸಿಲೆಬಸ್ ಅನ್ನು ವಿಭಾಗದಿಂದ ತರಿಸಿಕೊಂಡೆ. ಕೋರ್ಸ್ ಮುಗಿಸಿದ ವಿದ್ಯಾರ್ಥಿ ಏನೇನು ಮಾಡಬಲ್ಲವಳಾಗಿರಬೇಕು ಎಂಬ ಕಲಿಕೆಯ ಫಲಗಳ ಪಟ್ಟಿ ಸಿಲೆಬಸ್‌ನಲ್ಲಿರುತ್ತದೆ. ಪೋರ್ಟ್‌ಫೋಲಿಯೊಗೆ ಅದೇ ಅಡಿಪಾಯ. ಒಂದೊಂದು ಫಲದ ಎದುರಿಗೂ ನನಗೆ ಗೊತ್ತಿರುವುದು, ಎಲ್ಲಿ ಕಲಿತೆ, ಏನು ಪುರಾವೆ ಇದೆ ಎಂದು ಬರೆದೆ. ‘ಶಿಶು ಬೆಳವಣಿಗೆ’, ‘ಮಕ್ಕಳ ಆರೋಗ್ಯ, ಸುರಕ್ಷತೆ ಮತ್ತು ಪೋಷಣೆ’, ‘ಕುಟುಂಬ ಮತ್ತು ಸಮುದಾಯ’ – ಈ ಮೂರರಲ್ಲಿ ಬಹುತೇಕ ಸಾಲುಗಳು ತುಂಬಿದವು. ಪ್ರೀಸ್ಕೂಲ್ ಪಠ್ಯಯೋಜನೆಯ ಕೋರ್ಸ್ ಅನ್ನು ಕೈಬಿಟ್ಟೆ. ನಾನು ದುಡಿದದ್ದು ಮೂರು ವರ್ಷದೊಳಗಿನ ಮಕ್ಕಳೊಂದಿಗೆ. ನಾಲ್ಕು ವರ್ಷದ ಮಕ್ಕಳಿಗೆ ಅಕ್ಷರ, ಎಣಿಕೆ ಹೇಗೆ ಪರಿಚಯಿಸಬೇಕೆಂದು ತರಗತಿಯಲ್ಲಿ ಕೂತೇ ಕಲಿಯುವುದು ನ್ಯಾಯ ಎನ್ನಿಸಿತು. ಅರ್ಧಕ್ಕಿಂತ ಹೆಚ್ಚು ಸಾಲು ಖಾಲಿ ಉಳಿದ ಕೋರ್ಸ್ ಅನ್ನು ಎಳೆದಾಡುವುದಕ್ಕಿಂತ ಬಿಡುವುದೇ ಒಳ್ಳೆಯದು.

ಪೋರ್ಟ್‌ಫೋಲಿಯೊ ಬರೆಯುವುದನ್ನೇ ಕಲಿಸುವ ಕೋರ್ಸ್ ಅನೇಕ ಕಾಲೇಜುಗಳಲ್ಲಿದೆ, ಅದಕ್ಕೂ ಕ್ರೆಡಿಟ್ ಇರುತ್ತದೆ. ನಾನು ಸೇರಿದೆ. ಸಾಧ್ಯವಿದ್ದರೆ ನೀವೂ ಸೇರಿ.

ಇನ್ನು ಬರವಣಿಗೆ. ಇದರಲ್ಲೇ ಇಡೀ ಪೋರ್ಟ್‌ಫೋಲಿಯೊದ ಜೀವವಿರುವುದು. ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರವನ್ನು ಆ ಕೋರ್ಸ್‌ನಲ್ಲಿ ನಮಗೆ ಚೌಕಟ್ಟಾಗಿ ಕೊಟ್ಟರು: ನಡೆದ ಅನುಭವ, ಅದರ ಮೇಲಿನ ಚಿಂತನೆ, ಅದರಿಂದ ಹೊಮ್ಮುವ ತತ್ವ, ಆ ತತ್ವವನ್ನು ಮತ್ತೆ ಕೆಲಸದಲ್ಲಿ ಪರೀಕ್ಷಿಸುವುದು. ಕಾಗದದ ಮೇಲೆ ಇದು ಒಣ ಸಿದ್ಧಾಂತ. ನಮ್ಮ ಕೋಣೆಯ ಕಚ್ಚುವ ಮಗುವಿಗೆ ಅನ್ವಯಿಸಿದಾಗ ಅದಕ್ಕೆ ಜೀವ ಬಂತು.

ಒಂದರಿಂದ ಮೂರು ವರ್ಷದ ಮಕ್ಕಳು ಕಚ್ಚುವುದು ಡೇಕೇರ್‌ನಲ್ಲಿ ದಿನನಿತ್ಯದ ಸಂಗತಿ. ‘ಕಚ್ಚುವ ಮಕ್ಕಳನ್ನು ನಾನು ಚೆನ್ನಾಗಿ ನಿಭಾಯಿಸುತ್ತೇನೆ’ ಎಂದು ಬರೆದರೆ ಅದು ಕೆಲಸದ ಅರ್ಜಿಗೆ ಸಾಕು, ಕ್ರೆಡಿಟ್‌ಗೆ ಸಾಲದು. ಆದ್ದರಿಂದ ಬಿಡಿಸಿ ಬರೆದೆ. ಒಂದೂವರೆ ವರ್ಷದ ಮಗುವೊಂದು ಪದೇಪದೇ ಕಚ್ಚುತ್ತಿತ್ತು. ಯಾವ ಹೊತ್ತಿನಲ್ಲಿ, ಯಾರನ್ನು, ಅದಕ್ಕೆ ತುಸು ಮೊದಲು ಏನಾಗಿತ್ತು ಎಂದು ನಾನು ಗುರುತು ಹಾಕಿಕೊಂಡೆ. ಊಟಕ್ಕೆ ಮುಂಚೆ, ಮಕ್ಕಳೆಲ್ಲ ಒಂದೇ ಮೂಲೆಯಲ್ಲಿ ಗುಂಪುಗೂಡಿದಾಗ, ಕೈಯಲ್ಲಿದ್ದ ಆಟಿಕೆಯನ್ನು ಇನ್ನೊಬ್ಬರು ಎಳೆದಾಗ ಅದು ಕಚ್ಚುತ್ತಿತ್ತು. ‘ಕೊಡು’, ‘ಬೇಡ’ ಎನ್ನಲು ಬಾಯಲ್ಲಿ ಮಾತಿಲ್ಲ, ಹೊಟ್ಟೆಯಲ್ಲಿ ಹಸಿವು, ಸುತ್ತ ಇಕ್ಕಟ್ಟು. ತನ್ನ ಇಚ್ಛೆಯನ್ನು ತಾನೇ ನಡೆಸಿಕೊಳ್ಳಬೇಕೆಂಬ ಹಂಬಲ ಈ ವಯಸ್ಸಿನ ಮುಖ್ಯ ಲಕ್ಷಣ ಎಂದು ಮನೋವಿಜ್ಞಾನಿ ಎರಿಕ್ಸನ್ ಹೇಳುತ್ತಾರೆ. ಆ ಹಂಬಲಕ್ಕೆ ಮಾತಿನ ದಾರಿ ಇನ್ನೂ ತೆರೆದಿಲ್ಲದಿದ್ದರೆ ಅದು ಹಲ್ಲಿನ ಮೂಲಕ ಹೊರಬರುತ್ತದೆ ಎಂದು ನಾನು ಅರ್ಥಮಾಡಿಕೊಂಡೆ. ಎಲ್ಲರೂ ಬಯಸುವ ಆಟಿಕೆಗಳನ್ನು ಎರಡೆರಡು ಇಟ್ಟೆ. ಗುಂಪನ್ನು ಎರಡಾಗಿ ಒಡೆದೆ. ‘ಬೇಡ’ ಎನ್ನಲು ಅಂಗೈ ಚಾಚುವ ಸನ್ನೆ ಕಲಿಸಿದೆ. ಕಚ್ಚುವುದು ಕಡಿಮೆಯಾಯಿತು. ಮುಂದೆ ಬೇರೊಂದು ಮಗು ಕಚ್ಚತೊಡಗಿದಾಗ ಅದೇ ಮದ್ದು ಹಾಕಲಿಲ್ಲ. ಮತ್ತೆ ಗಮನಿಸುವುದರಿಂದಲೇ ಆರಂಭಿಸಿದೆ. ಆ ಮಗುವಿಗೆ ಹಲ್ಲು ಬರುತ್ತಿತ್ತು, ಕಚ್ಚಲು ತಣ್ಣಗಿನ ರಬ್ಬರ್ ಬಳೆ ಕೊಟ್ಟರೆ ಸಾಕಾಯಿತು. ಎರಡನೆಯ ಮಗುವಿನ ಪ್ರಸಂಗವನ್ನು ಬೇಕೆಂದೇ ಸೇರಿಸಿದೆ. ಕಲಿತದ್ದು ಒಂದು ಘಟನೆಗೆ ಅಂಟಿಕೊಂಡಿಲ್ಲ ಎಂದು ತೋರಿಸುವುದು ಆ ಭಾಗವೇ.

ನನಗೆ ಅತಿ ಪ್ರಿಯವಾದ ಅಧ್ಯಾಯ ಎರಡು ಭಾಷೆಯ ಮಕ್ಕಳದು. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಎರಡೂವರೆ ವರ್ಷದ ಮಗು ಡೇಕೇರ್‌ಗೆ ಬಂದು ತಿಂಗಳುಗಟ್ಟಲೆ ಮಾತೇ ಆಡಲಿಲ್ಲ. ಮಾತು ತಡವಾಗುತ್ತಿದೆಯೇನೋ ಎಂದು ಜೊತೆಗಿದ್ದವರು ಆತಂಕಪಟ್ಟರು. ಒಂದು ಸಂಜೆ ತಾಯಿ ಕೇಳಿದಳು: “ಮನೆಯಲ್ಲಿ ಕನ್ನಡ ಮಾತನಾಡುವುದನ್ನು ನಿಲ್ಲಿಸಬೇಕೇ ಅಕ್ಕಾ?”

ಬೇಡ ಎಂದೆ. ಏಕೆ ಬೇಡ ಎಂಬುದನ್ನು ಪೋರ್ಟ್‌ಫೋಲಿಯೊದಲ್ಲಿ ವಿವರವಾಗಿ ಬರೆದೆ. ಹೊಸ ಭಾಷೆಯ ನಡುವೆ ಬಂದು ಬಿದ್ದ ಮಗು ಕೆಲಕಾಲ ಮೌನವಾಗಿ ಕೇಳಿಸಿಕೊಳ್ಳುವುದು ಎರಡನೆಯ ಭಾಷೆ ಕಲಿಯುವಾಗ ಸಹಜವಾಗಿ ಕಾಣುವ ಹಂತ. ಮಗುವಿಗೆ ಎಷ್ಟು ಪದ ಗೊತ್ತು ಎಂದು ಲೆಕ್ಕ ಹಾಕುವಾಗ ಎರಡೂ ಭಾಷೆಯ ಪದಗಳನ್ನು ಸೇರಿಸಬೇಕು. ನಿಜವಾದ ಭಾಷಾ ತೊಂದರೆ ಇದ್ದರೆ ಅದು ಮನೆಮಾತಿನಲ್ಲೂ ಕಾಣಿಸಿಕೊಳ್ಳುತ್ತದೆ. ಈ ಮಗು ಮನೆಯಲ್ಲಿ ಅಜ್ಜಿಗೆ ಡೇಕೇರ್‌ನ ಕಥೆಯನ್ನೆಲ್ಲ ಉದ್ದುದ್ದ ವಾಕ್ಯಗಳಲ್ಲಿ ಹೇಳುತ್ತಿತ್ತು! ಇಂಗ್ಲಿಷಿನಲ್ಲಿ ಹೇಳಿದ ಸೂಚನೆಗಳನ್ನು ಪಾಲಿಸುತ್ತಿತ್ತು, ಹಾಡಿಗೆ ಸರಿಯಾಗಿ ಕೈ ಆಡಿಸುತ್ತಿತ್ತು. ಇವನ್ನೆಲ್ಲ ದಿನಾಂಕ ಸಹಿತ ಬರೆದಿಟ್ಟಿದ್ದೆ. ಮನೋವಿಜ್ಞಾನಿ ವೈಗಾಟ್‌ಸ್ಕಿ ಹೇಳಿದ, ಮಗು ಒಂಟಿಯಾಗಿ ಮಾಡಲಾರದ ಆದರೆ ತಿಳಿದವರ ಆಸರೆಯಿಂದ ಮಾಡಬಲ್ಲ ಕೆಲಸಗಳ ವಲಯಕ್ಕೆ ನನ್ನ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇರಲಿಲ್ಲ: ಕನ್ನಡದ ಒಂದು ಪದ, ಹಿಂದೆಯೇ ಇಂಗ್ಲಿಷಿನ ಪದ, ಬೆರಳು ತೋರಿಸಿ ವಸ್ತು.

ಸಿದ್ಧಾಂತವನ್ನು ಒಪ್ಪಲೇಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು. ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಗುರುತಿಸಿದ ಆಟದ ಬಗೆಗಳ ಪ್ರಕಾರ ಚಿಕ್ಕ ಮಕ್ಕಳು ಹೆಚ್ಚಾಗಿ ಅಕ್ಕಪಕ್ಕ ಕೂತು ತಮ್ಮ ಪಾಡಿಗೆ ತಾವು ಆಡುತ್ತಾರೆ. ಹೌದು, ನಾನೂ ಅದನ್ನು ಕಂಡಿದ್ದೇನೆ. ಆದರೆ ಶಿಶುವಾಗಿದ್ದಾಗಿನಿಂದ ಒಂದೇ ಕೋಣೆಯಲ್ಲಿ ಬೆಳೆದ ಮಕ್ಕಳು ಎರಡು ವರ್ಷ ತುಂಬುವ ಮೊದಲೇ ಅಳುವ ಗೆಳೆಯನ ಹೊದಿಕೆ ಹುಡುಕಿ ತಂದುಕೊಡುವುದನ್ನೂ ಕಂಡಿದ್ದೇನೆ. ಎರಡನ್ನೂ ಬರೆದೆ. ಮೌಲ್ಯಮಾಪಕರು ಆ ಪುಟದ ಅಂಚಿನಲ್ಲಿ ಮೆಚ್ಚುಗೆಯ ಟಿಪ್ಪಣಿ ಹಾಕಿದ್ದರು.

ಸಾಕ್ಷ್ಯದಲ್ಲಿ ಎರಡು ಬಗೆ. ನೀವೇ ತಯಾರಿಸಿದ್ದು ಒಂದು: ನನ್ನ ವೀಕ್ಷಣಾ ಟಿಪ್ಪಣಿಗಳು, ಪೋಷಕರಿಗೆ ಕೊಡುತ್ತಿದ್ದ ದಿನದ ವರದಿಗಳು, ಕೋಣೆಯ ವಿನ್ಯಾಸ ಬದಲಿಸಿದಾಗಿನ ನಕ್ಷೆ. ಮಕ್ಕಳ ಹೆಸರುಗಳನ್ನೆಲ್ಲ ಅಳಿಸಿದೆ. ಮುಖ ಕಾಣುವ ಒಂದು ಚಿತ್ರವನ್ನೂ ಹಾಕಲಿಲ್ಲ. ಇದರಲ್ಲಿ ರಾಜಿ ಬೇಡ, ಆ ಮಕ್ಕಳು ನಮ್ಮ ಪದವಿಗೆ ಒಪ್ಪಿಗೆ ಕೊಟ್ಟವರಲ್ಲ. ಇನ್ನೊಂದು, ನಿಮ್ಮ ಬಗ್ಗೆ ಬೇರೆಯವರು ಕೊಟ್ಟದ್ದು: ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ತರಬೇತಿಯ ದಾಖಲೆ, ಮೇಲ್ವಿಚಾರಕರ ಪತ್ರ. ಚೈಲ್ಡ್ ಡೆವಲಪ್‌ಮೆಂಟ್ ಅಸೋಸಿಯೇಟ್ ಎಂಬ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವ ಪ್ರಮಾಣಪತ್ರ ಇದ್ದವರಿಗೆ ಬಹಳ ಅನುಕೂಲ. ಅದಕ್ಕೆ 120 ಗಂಟೆಗಳ ತರಬೇತಿ ಮತ್ತು ಮಕ್ಕಳೊಂದಿಗೆ 480 ಗಂಟೆಗಳ ಕೆಲಸ ಬೇಕಾಗಿರುವುದರಿಂದ ಅರ್ಧ ದಾಖಲೆಗಳು ಆಗಲೇ ಸಿದ್ಧವಿರುತ್ತವೆ.

ಮೇಲ್ವಿಚಾರಕರ ಪತ್ರದಲ್ಲಿ ಹೊಗಳಿಕೆ ಕೇಳಬೇಡಿ. ‘ಶ್ರದ್ಧೆಯ ಕೆಲಸಗಾರ್ತಿ’ ಎಂಬ ಪತ್ರದಿಂದ ಯಾವ ಉಪಯೋಗವೂ ಇಲ್ಲ. ನಾನು ಕೋರ್ಸಿನ ಫಲಗಳ ಪಟ್ಟಿಯನ್ನೇ ನಿರ್ದೇಶಕಿಗೆ ಕೊಟ್ಟು, ಇವುಗಳಲ್ಲಿ ನಾನು ಮಾಡಿದ್ದನ್ನು ನೀವು ಕಣ್ಣಾರೆ ಕಂಡಿದ್ದರೆ ಅದನ್ನಷ್ಟೇ ಬರೆಯಿರಿ ಎಂದು ವಿನಂತಿಸಿದೆ. ಕೂಸುಗಳನ್ನು ಬೆನ್ನ ಮೇಲೆ, ಗಟ್ಟಿಯಾದ ಚಪ್ಪಟೆ ಹಾಸಿಗೆಯಲ್ಲಿ, ದಿಂಬು ಹೊದಿಕೆ ಇಲ್ಲದೆ ಮಲಗಿಸುವ ಕ್ರಮವನ್ನು ಹೊಸ ಸಿಬ್ಬಂದಿಗೆ ನಾನು ಕಲಿಸಿದ್ದನ್ನು ಅವರು ಬರೆದರು. ಅದರ ಹಿಂದಿನ ಕಾರಣವನ್ನು ನಾನು ಬರೆದೆ: ನಿದ್ದೆಯಲ್ಲಿ ಶಿಶುಗಳ ಹಠಾತ್ ಸಾವು, 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೊಟ್ಟ ಸಲಹೆ, 1994ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಚಾರ, ಆನಂತರ ಇಳಿದ ಸಾವುಗಳು. ಪತ್ರ ಮತ್ತು ಬರಹ ಹೀಗೆ ಕೈಕೈ ಹಿಡಿದು ನಿಂತರೆ ಪೋರ್ಟ್‌ಫೋಲಿಯೊ ಗಟ್ಟಿಯಾಗುತ್ತದೆ.

ಮೌಲ್ಯಮಾಪನ ಮಾಡುವವರು ಆ ವಿಷಯದ ಅಧ್ಯಾಪಕರು. ಶುಲ್ಕವನ್ನು ಮೊದಲೇ ಕಟ್ಟಬೇಕು. ಕ್ರೆಡಿಟ್ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಶುಲ್ಕ ಇರಬೇಕಾದದ್ದು ಮೌಲ್ಯಮಾಪನದ ಶ್ರಮಕ್ಕೆ, ಸಿಕ್ಕ ಕ್ರೆಡಿಟ್‌ಗೆ ಅಲ್ಲ ಎಂಬುದು ನಾನು ಮೊದಲು ಹೇಳಿದ ಮಾನದಂಡಗಳಲ್ಲೇ ಇದೆ. ಅದು ಸರಿ ಕೂಡ. ಹಾಗಲ್ಲದಿದ್ದರೆ ಕ್ರೆಡಿಟ್ ಮಾರಾಟದ ಸರಕಾಗಿಬಿಡುತ್ತದೆ. ಮೊದಲೆರಡು ಕೋರ್ಸ್‌ಗಳಿಗೆ ಪೂರ್ತಿ ಕ್ರೆಡಿಟ್ ಬಂತು. ಮೂರನೆಯದಕ್ಕೆ ವಿಡಿಯೊ ಸಂದರ್ಶನ ನಡೆಸಿದ ಅಧ್ಯಾಪಕಿ, ಬೆಳವಣಿಗೆಯ ಬಗ್ಗೆ ನಿಜವಾಗಿಯೂ ಸಂದೇಹವಿರುವ ಮಗುವಿನ ಕುಟುಂಬವನ್ನು ನೀವು ಯಾರ ಬಳಿ ಕಳಿಸುತ್ತೀರಿ, ಆಮೇಲೆ ಏನಾಗುತ್ತದೆ ಎಂದು ಕೇಳಿ, ಉತ್ತರವನ್ನು ಪೂರಕ ಬರಹವಾಗಿ ಕೊಡಲು ಹೇಳಿದರು.

ಬರೆದುಕೊಟ್ಟೆ. 1986ರ ಕಾಯಿದೆಯಿಂದ ಬಂದ, ಇಂದು ಅಂಗವೈಕಲ್ಯ ಶಿಕ್ಷಣ ಕಾಯಿದೆಯ ‘ಸಿ’ ಭಾಗದಲ್ಲಿರುವ ಯೋಜನೆಯಡಿ ಮೂರು ವರ್ಷದೊಳಗಿನ ಮಕ್ಕಳಿಗೆ ಆರಂಭಿಕ ನೆರವು ಸಿಗುತ್ತದೆ. ತಪಾಸಣೆಗೆ ಕುಟುಂಬ ಹಣ ಕೊಡಬೇಕಿಲ್ಲ. ವೈದ್ಯರ ಚೀಟಿಗೆ ಕಾಯದೆ ಪೋಷಕರೇ ನೇರವಾಗಿ ಕೇಳಬಹುದು. ನೆರವಿನ ಯೋಜನೆಯನ್ನು ಮಗುವಿನ ಸುತ್ತ ಮಾತ್ರವಲ್ಲ, ಇಡೀ ಕುಟುಂಬದ ಅಗತ್ಯ ನೋಡಿ ಬರೆಯುತ್ತಾರೆ. ಮೂರು ವರ್ಷ ತುಂಬಿದ ಮೇಲೆ ಹೊಣೆ ಶಾಲಾ ವ್ಯವಸ್ಥೆಗೆ ಹೋಗುತ್ತದೆ, ಆ ದಾಟುವಿಕೆಯಲ್ಲಿ ಕುಟುಂಬಗಳು ಕೈತಪ್ಪಿಹೋಗದಂತೆ ಡೇಕೇರ್ ಏನು ಮಾಡಬಹುದು ಎಂಬುದನ್ನು ನಾನು ಜೊತೆಯಲ್ಲಿ ಹೋಗಿ ಬಂದ ಕುಟುಂಬಗಳ ಅನುಭವದಿಂದಲೇ ವಿವರಿಸಿದೆ. ಮೂರನೆಯ ಕೋರ್ಸ್‌ನ ಕ್ರೆಡಿಟ್ ಕೂಡ ಬಂತು.

ಸೇರುವ ಮೊದಲು ಕೆಲವು ಪ್ರಶ್ನೆಗಳನ್ನು ಕಾಲೇಜಿಗೆ ಬರವಣಿಗೆಯಲ್ಲೇ ಕೇಳಿ ಉತ್ತರ ಪಡೆಯಿರಿ. ಪೋರ್ಟ್‌ಫೋಲಿಯೊದಿಂದ ಗರಿಷ್ಠ ಎಷ್ಟು ಕ್ರೆಡಿಟ್ ಒಪ್ಪುತ್ತಾರೆ? ಅದು ಮುಖ್ಯ ವಿಷಯದ ಕೋರ್ಸ್‌ಗೆ ಸಲ್ಲುತ್ತದೆಯೇ, ಬರೀ ಐಚ್ಛಿಕಕ್ಕೆ ಸಲ್ಲುತ್ತದೆಯೇ? ಎಷ್ಟು ಕ್ರೆಡಿಟ್ ಅನ್ನು ಅದೇ ಕಾಲೇಜಿನಲ್ಲಿ ಓದಿಯೇ ಗಳಿಸಬೇಕು? ಈ ಕ್ರೆಡಿಟ್‌ಗೆ ಅನೇಕ ಕಡೆ ಅಕ್ಷರದ ಶ್ರೇಣಿ ಇರುವುದಿಲ್ಲ, ಸರಾಸರಿ ಅಂಕಕ್ಕೂ ಸೇರುವುದಿಲ್ಲ. ಮುಖ್ಯವಾಗಿ, ಒಂದು ಕಾಲೇಜು ಕೊಟ್ಟದ್ದನ್ನು ಇನ್ನೊಂದು ಕಾಲೇಜು ಒಪ್ಪಲೇಬೇಕೆಂಬ ನಿಯಮವಿಲ್ಲ. ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಪೋರ್ಟ್‌ಫೋಲಿಯೊ ಮಾಡಿ ಮುಂದೆ ನಾಲ್ಕು ವರ್ಷದ ಕಾಲೇಜಿಗೆ ಹೋಗುವವರು ಎರಡನೆಯ ಕಾಲೇಜಿನ ಉತ್ತರವನ್ನೂ ಮೊದಲೇ ತರಿಸಿಕೊಳ್ಳಬೇಕು. ಈಗ ಕೆಲಸದಲ್ಲಿರುವವರು ಇಂದಿನಿಂದಲೇ ವೀಕ್ಷಣಾ ಟಿಪ್ಪಣಿಗಳಿಗೆ ದಿನಾಂಕ ಹಾಕಿ, ತರಬೇತಿಯ ಪ್ರಮಾಣಪತ್ರಗಳ ಪ್ರತಿಯನ್ನು ಮನೆಯಲ್ಲಿಡಿ. ಡೇಕೇರ್‌ಗಳು ಮುಚ್ಚುತ್ತವೆ, ನಿರ್ದೇಶಕರು ಊರು ಬಿಡುತ್ತಾರೆ. ಪತ್ರವನ್ನು ಕೆಲಸ ಬಿಡುವ ವಾರದಲ್ಲೇ ಕೇಳಿ ತೆಗೆದುಕೊಳ್ಳಿ.