ಬ್ಯೂರೆಟ್‌ನ ಅಳತೆ ಮತ್ತು ಅದರ ಲೆಕ್ಕ
50 ಮಿ.ಲೀ. ಬ್ಯೂರೆಟ್‌ನ (ದ್ರವವನ್ನು ಅಳೆದು ಹನಿಹನಿಯಾಗಿ ಬಿಡುವ, ಗೆರೆ ಹಾಕಿದ ಗಾಜಿನ ಕೊಳವೆ) ಎರಡು ಗೆರೆಗಳ ನಡುವಿನ ಅಂತರ 0.1 ಮಿ.ಲೀ. ಆಗಿರುವುದರಿಂದ, ದ್ರವದ ಮಟ್ಟ ಗೆರೆಗಳ ನಡುವೆ ನಿಂತಾಗ ಅದನ್ನು ಕಣ್ಣಂದಾಜಿನಿಂದ ಎರಡನೆಯ ದಶಮಾಂಶ ಸ್ಥಾನದವರೆಗೆ ಬರೆಯಬೇಕು. ಕಣ್ಣು ದ್ರವದ ಮಟ್ಟಕ್ಕೆ ನೇರವಾಗಿರಬೇಕು. ಮೇಲಿನಿಂದ ಓರೆಯಾಗಿ ನೋಡಿದರೆ ಅಳತೆಯು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಬಣ್ಣವಿಲ್ಲದ ದ್ರಾವಣದಲ್ಲಿ ಬಾಗಿದ ಮೇಲ್ಮೈಯ ತಳವನ್ನೂ, ಗಾಢ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್‌ನಲ್ಲಿ ಮೇಲಂಚನ್ನೂ ಓದಬೇಕು.

ಪಿಪೆಟ್‌ನಿಂದ (ನಿಗದಿತ ಪ್ರಮಾಣದ ದ್ರವವನ್ನು ತೆಗೆಯುವ ಕೊಳವೆ) ತೆಗೆದ 20.00 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡನ್ನು 0.102 ಮೋಲಾರ್ (ಲೀಟರಿಗೆ ಇಷ್ಟು ಮೋಲ್ ಎಂಬ ಸಾರತೆ) ಹೈಡ್ರೋಕ್ಲೋರಿಕ್ ಆಮ್ಲದಿಂದ ಅನುಮಾಪನ ಮಾಡುವಾಗ, ಅಂದರೆ ಸಾರತೆ ಗೊತ್ತಿರುವ ಆಮ್ಲವನ್ನು ಬ್ಯೂರೆಟ್‌ನಿಂದ ಸೇರಿಸಿ ಸೋಡಿಯಂ ಹೈಡ್ರಾಕ್ಸೈಡ್‌ನ ಸಾರತೆಯನ್ನು ಕಂಡುಹಿಡಿಯುವಾಗ, ಬ್ಯೂರೆಟ್‌ನ ಮೊದಲ ಅಳತೆ 0.40, ಕೊನೆಯದು 18.75 ಆಗಿದ್ದರೆ, ಬಳಕೆಯಾದ ಆಮ್ಲ 18.35 ಮಿ.ಲೀ. ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಒಂದು ಮೋಲ್‌ಗೆ ಒಂದು ಮೋಲ್‌ನಂತೆ ವರ್ತಿಸುವುದರಿಂದ, ಸೋಡಿಯಂ ಹೈಡ್ರಾಕ್ಸೈಡ್‌ನ ಸಾರತೆಗಾಗಿ ಮಾಡುವ 0.102 × 18.35 ÷ 20.00 ಎಂಬ ಲೆಕ್ಕಕ್ಕೆ ಕ್ಯಾಲ್ಕುಲೇಟರ್ 0.093585 ಎಂದು ತೋರಿಸುತ್ತದೆ. ಆದರೆ 0.102ರಲ್ಲಿ ಸಾರ್ಥಕ ಅಂಕಿಗಳು (ಅಳತೆಯ ನಿಖರತೆಯನ್ನು ತೋರಿಸುವ ಅಂಕಿಗಳು) ಮೂರೇ ಇರುವುದರಿಂದ, ಉತ್ತರವನ್ನು 0.0936 ಮೋಲಾರ್ ಎಂದೇ ಬರೆಯಬೇಕು. ದುಂಡಾಗಿಸುವ ಕೆಲಸವನ್ನು ನಡುವಿನ ಹಂತಗಳಲ್ಲಿ ಮಾಡದೆ, ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಬೇಕು.